ಅಜೈಲ್–ಲೀನ್ ಕಾರ್ಯಾಗಾರ ಸಾಮಗ್ರಿ ಮೀಮಾಂಸೆ: ಒಂದು ಪ್ರವೇಶಿಕೆ

ಶಾಸ್ತ್ರಗ್ರಂಥವನ್ನು ಆರಂಭಿಸುವ ಮುನ್ನ ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಪ್ರಾಚೀನರ ನಿಯಮ. ಎಂದರೆ ಗ್ರಂಥದ ವಿಷಯವೇನು, ಪ್ರಯೋಜನವೇನು, ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧವೇನು, ಅದನ್ನು ಕೇಳಲು ಅಧಿಕಾರಿ, ಅಂದರೆ ಅರ್ಹನಾದವನು, ಯಾರು ಎಂಬ ನಾಲ್ಕನ್ನೂ ಮೊದಲಿಗೇ ನಿರ್ಣಯಿಸಬೇಕು. ಬೆಂಗಳೂರಿನ ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸಾಫ್ಟ್‌ವೇರ್ ಕಚೇರಿಗಳಲ್ಲಿ ನಡೆಯುವ ಅಜೈಲ್ ಮತ್ತು ಲೀನ್ ಕಾರ್ಯಾಗಾರಗಳಿಗೆ ಬೇಕಾದ ತರಬೇತಿ ಸಾಮಗ್ರಿಯ ತಯಾರಿಯೇ ಪ್ರಸ್ತುತ ವಿಷಯವಾಗಿದ್ದು, ನೌಕರರ ವಾರ್ಷಿಕ ತರಬೇತಿ ಗಂಟೆಗಳ ಕೋಷ್ಟಕ ಭರ್ತಿಯಾಗುವುದೇ ಅದರ ಪ್ರಯೋಜನವಾಗಿದೆ. ಸಾಮಗ್ರಿಗೂ ವಿಷಯಕ್ಕೂ ಇರುವ ಸಂಬಂಧವು ಇನ್‌ವಾಯ್ಸಿನಲ್ಲಿ ಸ್ಪಷ್ಟವಾಗಿ ನಮೂದಾಗಿರುತ್ತದೆ. ಅಧಿಕಾರಿಯ ಚರ್ಚೆಯನ್ನು ಕೊನೆಗಿಟ್ಟುಕೊಳ್ಳಲಾಗಿದೆ, ಏಕೆಂದರೆ ಆತ ಕಾರ್ಯಾಗಾರದಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ.

ಈ ಶಾಸ್ತ್ರದ ಮೂಲಸೂತ್ರಗಳು 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮಕ್ರೀಡೆಯ ತಾಣದಲ್ಲಿ, ಸಾಫ್ಟ್‌ವೇರ್ ಬರೆದು ಬೇಸತ್ತಿದ್ದ 17 ಮಂದಿಯಿಂದ ರಚಿತವಾದವು. ನಾಲ್ಕು ಮೌಲ್ಯಗಳು, ಹನ್ನೆರಡು ತತ್ತ್ವಗಳು. ಒಟ್ಟು ಒಂದೆರಡು ಪುಟಕ್ಕಿಂತ ಹೆಚ್ಚಿಲ್ಲ. ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡಿ ಬಳಕೆದಾರನಿಗೆ ತೋರಿಸುತ್ತ, ಅವನು ಹೇಳಿದಂತೆ ದಾರಿ ತಿದ್ದಿಕೊಳ್ಳುತ್ತ ಹೋಗುವುದಕ್ಕೆ ಅಜೈಲ್ ಎಂಬ ಹೆಸರಿಟ್ಟ ಆ ಸೂತ್ರಕಾರರು, ಸುದೀರ್ಘ ದಸ್ತಾವೇಜಿಗಿಂತ ನಡೆಯುವ ಸಾಫ್ಟ್‌ವೇರು ಮೇಲು ಎಂದು ಎರಡನೆಯ ಮೌಲ್ಯದಲ್ಲಿಯೇ ಸಾರಿದರು. ಆ ಮೌಲ್ಯವನ್ನು ವಿವರಿಸುವ ಸುದೀರ್ಘ ದಸ್ತಾವೇಜಿಗೆ ಕಾರ್ಯಾಗಾರ ಸಾಮಗ್ರಿ ಎಂದು ಹೆಸರು. ಸೂತ್ರ ಚಿಕ್ಕದಾದಷ್ಟೂ ಭಾಷ್ಯ ಹಿಗ್ಗುವುದು ಶಾಸ್ತ್ರಲೋಕದ ವಾಡಿಕೆಯೇ ಆದರೂ, ಸ್ಕ್ರಮ್ ಎಂಬ ಉಪಪಂಥದ ಅಧಿಕೃತ ಕೈಪಿಡಿ 2020ರ ಆವೃತ್ತಿಯಲ್ಲಿ ಕೇವಲ 13 ಪುಟಗಳಷ್ಟಿರುವಾಗ, ಅದನ್ನು ಬೋಧಿಸಲು ಎರಡು ದಿನವೂ ನೂರಾರು ಸ್ಲೈಡುಗಳೂ ಬೇಕಾಗುವುದನ್ನು ಗಮನಿಸಿದರೆ ಶಂಕರ, ರಾಮಾನುಜ, ಮಧ್ವರು ಬಹಳ ಮಿತಭಾಷಿಗಳಾಗಿದ್ದರೆಂದೇ ಹೇಳಬೇಕಾಗುತ್ತದೆ.

ಸ್ಲೈಡುಗಳು ಐದು ವಿಧ. ಮೊದಲನೆಯದು ಮಂಗಳ ಸ್ಲೈಡು: ಇದರಲ್ಲಿ ಗಂಟೆಗಂಟೆಯ ಕಾರ್ಯಕ್ರಮ ಪಟ್ಟಿ, ಮೊಬೈಲನ್ನು ಸೈಲೆಂಟಿನಲ್ಲಿಡುವ ವಿನಂತಿ, ತರಬೇತುದಾರರು ಕೈಕಟ್ಟಿ ನಿಂತ ಭಾವಚಿತ್ರ ಮತ್ತು ಅವರ ಹೆಸರಿನ ಮುಂದೆ ಸಾಲುಗಟ್ಟಿದ ಪ್ರಮಾಣಪತ್ರಗಳ ಸಂಕ್ಷಿಪ್ತಾಕ್ಷರಗಳು ಇರುತ್ತವೆ. ಇಂಥ ಕೆಲವು ಪ್ರಮಾಣಪತ್ರಗಳು ಎರಡು ದಿನದಲ್ಲಿ ದೊರೆತು, ಎರಡು ವರ್ಷಕ್ಕೊಮ್ಮೆ ಶುಲ್ಕ ಕಟ್ಟದಿದ್ದರೆ ಊರ್ಜಿತವಾಗಿ ಉಳಿಯುವುದಿಲ್ಲವಾದ್ದರಿಂದ, ಅವು ಜ್ಞಾನಶಾಸ್ತ್ರದಲ್ಲಿ ನಿತ್ಯ–ಅನಿತ್ಯಗಳ ನಡುವೆ ನವೀಕರಣೀಯ ಎಂಬ ಮೂರನೆಯ ವರ್ಗವನ್ನೇ ಸೃಷ್ಟಿಸಿವೆ.

ಎರಡನೆಯದು ಪೂರ್ವಪಕ್ಷ ಸ್ಲೈಡು. ಎದುರಾಳಿಯ ವಾದವನ್ನು ಮೊದಲು ಮಂಡಿಸಿ ಆಮೇಲೆ ಖಂಡಿಸುವುದು ತರ್ಕದ ಮರ್ಯಾದೆ. ಇಲ್ಲಿ ಎದುರಾಳಿಯ ಸ್ಥಾನದಲ್ಲಿರುವುದು ವಾಟರ್‌ಫಾಲ್ ಮಾದರಿ, ಅಂದರೆ ಒಂದು ಹಂತ ಪೂರ್ತಿ ಮುಗಿದ ಮೇಲೆಯೇ ಮುಂದಿನ ಹಂತಕ್ಕೆ ಇಳಿಯುವ, ಮೆಟ್ಟಿಲುಮೆಟ್ಟಿಲಾದ ಚಿತ್ರ. ಅದರ ಮೇಲೊಂದು ಕೆಂಪು ಕಾಟು. ಚಿತ್ರದ ಮೂಲ 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಬರೆದ ಲೇಖನವೆಂದು ಅಡಿಟಿಪ್ಪಣಿಯಲ್ಲಿ ಕಾಣಿಸುವವರೂ ಉಂಟು. ಆ ಲೇಖನದಲ್ಲಿ ವಾಟರ್‌ಫಾಲ್ ಎಂಬ ಮಾತೇ ಇಲ್ಲ. ಅಲ್ಲದೆ ರಾಯ್ಸ್ ಆ ಮೆಟ್ಟಿಲುಗಳನ್ನು ಬರೆದು ತೋರಿಸಿದ ಮೇಲೆ, ಹೀಗೇ ಮಾಡಿದರೆ ಅಪಾಯ, ಕೆಲಸ ಕೆಡುತ್ತದೆ ಎಂದೇ ಎಚ್ಚರಿಸಿ, ಮೊದಲೊಂದು ಮಾದರಿ ಮಾಡಿ ನೋಡಿ, ಗ್ರಾಹಕನನ್ನು ಜೊತೆಗಿಟ್ಟುಕೊಳ್ಳಿ ಎಂದು ಪರಿಹಾರವನ್ನೂ ಸೂಚಿಸಿದ್ದರು. ಬೇಡವೆಂದು ಹೇಳಿದವನನ್ನೇ ಅರ್ಧ ಶತಮಾನದಿಂದ ಅಪರಾಧಿ ಸ್ಥಾನದಲ್ಲಿ ನಿಲ್ಲಿಸಿರುವ ಈ ಸ್ಲೈಡನ್ನು ಅಳಿಸುವಂತಿಲ್ಲ. ಅಳಿಸಿದರೆ ಸಿದ್ಧಾಂತಕ್ಕೆ ಸೋಲಿಸಲು ಯಾರೂ ಉಳಿಯುವುದಿಲ್ಲ.

ಮೂರನೆಯದು ವರ್ತುಲ ಸ್ಲೈಡು, ಇದರಲ್ಲಿ ಬಾಣಗಳು ದುಂಡಗೆ ಸುತ್ತುತ್ತವೆ. ನಾಲ್ಕನೆಯದರಲ್ಲಿಯೂ ಸುತ್ತುತ್ತವೆ. ಈ ವರ್ಗೀಕರಣವನ್ನು ಮುಂದುವರಿಸುವುದರಿಂದ ಯಾರಿಗೂ ಉಪಕಾರವಿಲ್ಲ.

ಸ್ಲೈಡೇತರ ಸಾಮಗ್ರಿಯಲ್ಲಿ ಮುಖ್ಯವಾದುದು ಹಳದಿ, ಗುಲಾಬಿ, ಹಸಿರು ಬಣ್ಣದ ಸ್ಟಿಕಿ ನೋಟುಗಳ ಕಟ್ಟು. ಇವುಗಳ ಮೇಲೆ ಅಭ್ಯರ್ಥಿಗಳು ತಮ್ಮ ಕೆಲಸದ ತುಣುಕುಗಳನ್ನು ಬರೆದು ಗಾಜಿನ ಗೋಡೆಗೆ ಅಂಟಿಸುತ್ತಾರೆ, ಊಟದ ಹೊತ್ತಿಗೆ ಎ.ಸಿ. ಗಾಳಿಗೆ ಅವು ಒಂದೊಂದಾಗಿ ಉದುರುತ್ತವೆ. ಚೀಟಿಯನ್ನು ಕಟ್ಟಿನಿಂದ ಕೀಳುವಾಗ ಕೆಳಗಿನಿಂದ ಮೇಲಕ್ಕೆ ಎತ್ತದೆ ಪಕ್ಕಕ್ಕೆ ಎಳೆದರೆ ಅದು ಸುರುಳಿಯಾಗುವುದಿಲ್ಲ, ಬೀಳುವುದೂ ಕಡಿಮೆ. ಎರಡು ದಿನಗಳ ಬೋಧನೆಯಲ್ಲಿ ಮರುದಿನವೇ ಬಳಕೆಗೆ ಬರುವ ಜ್ಞಾನ ಬಹುಶಃ ಇದೊಂದೇ.

ಇನ್ನು ಲೀನ್ ಪ್ರಕರಣ. ಜಪಾನಿನ ಟೊಯೊಟಾ ಕಾರ್ಖಾನೆಗಳಲ್ಲಿ ತಾಯಿಚಿ ಓನೊ ಮತ್ತು ಸಹೋದ್ಯೋಗಿಗಳು ದಶಕಗಳ ಕಾಲ ತಿದ್ದಿ ತೀಡಿದ ಉತ್ಪಾದನಾ ಕ್ರಮಕ್ಕೆ 1988ರಲ್ಲಿ ಜಾನ್ ಕ್ರಾಫ್ಸಿಕ್ ಕೊಟ್ಟ ಹೆಸರು ಲೀನ್. ಮೈಯಲ್ಲಿ ಬೊಜ್ಜಿಲ್ಲದ್ದು ಎಂದು ಅರ್ಥ. ಬೇಡಿಕೆ ಮೀರಿದ ತಯಾರಿ, ಕಾಯುವಿಕೆ, ಸಾಗಾಟ, ಬೇಡದ ನಯಗಾರಿಕೆ, ದಾಸ್ತಾನು, ಬೇಡದ ಓಡಾಟ, ದೋಷ ಎಂದು ಓನೊ ವ್ಯರ್ಥವನ್ನು ಏಳಾಗಿ ಎಣಿಸಿದರು. ಈ ಏಳನ್ನೂ ಒಂದೇ ಕಡೆ ನೋಡಬಯಸುವವರು ಕಾರ್ಖಾನೆಗೆ ಹೋಗಬೇಕಿಲ್ಲ, ಇವನ್ನು ಬೋಧಿಸಲು ತಯಾರಾದ ಫೋಲ್ಡರನ್ನು ತೆರೆದರೆ ಸಾಕು. ಉಳಿದೆಲ್ಲ ವ್ಯರ್ಥಗಳನ್ನೂ ಹೆರುವ ಮಹಾವ್ಯರ್ಥವೆಂದು ಓನೊ ಕರೆದದ್ದು ಬೇಡಿಕೆ ಮೀರಿದ ತಯಾರಿಯನ್ನು. ಸಮಯ ಸಾಲದೆಂದು ಹಾರಿಸಿಯೇ ಹಾರಿಸುವ ಸ್ಲೈಡುಗಳನ್ನು ಪ್ರತಿ ಬಾರಿಯೂ ತಪ್ಪದೆ ತಯಾರಿಸುವುದು ಈ ವರ್ಗಕ್ಕೆ ಸೇರುತ್ತದೆ. ದೋಷಕ್ಕೆ ಉದಾಹರಣೆಯಾಗಿ, ಲೋಗೊ ಬದಲಾಯಿಸಿದರೂ ಎಲ್ಲೋ ಒಂದು ಸ್ಲೈಡಿನ ಮೂಲೆಯಲ್ಲಿ ಉಳಿದುಹೋದ ಹಿಂದಿನ ಗ್ರಾಹಕ ಕಂಪನಿಯ ಹೆಸರನ್ನು ಹೇಳಬಹುದು. ಎಂಜಿನಿಯರನನ್ನು ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ವೃತ್ತದೊಳಗೆ ನಿಲ್ಲಿಸಿ, ಕಣ್ಣಾರೆ ಕಲಿಯಲೆಂದು ಓನೊ ಗಂಟೆಗಟ್ಟಲೆ ಬಿಟ್ಟುಬಿಡುತ್ತಿದ್ದರೆಂಬ ಪ್ರತೀತಿಗೂ ಒಂದು ಸ್ಲೈಡು ಮೀಸಲು, ಅದರಲ್ಲಿ ವೃತ್ತಕ್ಕೆ ಅನಿಮೇಷನ್ ಇದೆ. ಮೈಸೂರು ರಸ್ತೆಯ ಬಿಡದಿಯಲ್ಲಿ 1999ರಿಂದಲೂ ಟೊಯೊಟಾ ಕಾರು ತಯಾರಾಗುತ್ತಿರುವ ಸಂಗತಿ ಮಾತ್ರ ಸಾಮಗ್ರಿಯಲ್ಲಿ ಬರುವುದಿಲ್ಲ, ಬಂದರೆ ಯಾರಾದರೂ ಹೋಗಿ ನೋಡುವ ಸಂಭವವಿರುತ್ತದೆ.

ಈ ಪ್ರಕರಣದ ತಿರುಳು ಇರುವುದು ಹಗ್ಗದ ಸ್ಲೈಡಿನಲ್ಲಿ. ಸಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಮಗ್ಗವು ನೂಲು ತುಂಡಾದ ಕೂಡಲೇ ತಾನಾಗಿ ನಿಲ್ಲುತ್ತಿತ್ತು, ಕೆಟ್ಟ ಬಟ್ಟೆಯನ್ನು ನೇಯುತ್ತ ಹೋಗುತ್ತಿರಲಿಲ್ಲ. ಅದೇ ತತ್ತ್ವ ಮುಂದೆ ಕಾರಿನ ಜೋಡಣಾ ಸಾಲಿಗೆ ಬಂದು, ದೋಷ ಕಂಡ ಯಾವ ಕೆಲಸಗಾರನಾದರೂ ತಲೆಯ ಮೇಲಿನ ಹಗ್ಗವನ್ನು ಎಳೆಯಬಹುದು, ಎಳೆದರೆ ಮೇಲ್ವಿಚಾರಕ ಓಡಿಬರಬೇಕು, ಹೊತ್ತಿಗೆ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲಬೇಕು ಎಂದಾಯಿತು. ಸ್ಲೈಡಿನಲ್ಲಿ ಹಗ್ಗದ ಚಿತ್ರ ಸೊಗಸಾಗಿದೆ. ಆದರೆ ಅದನ್ನು ನೋಡಿ ಬಂದ ಹುಡುಗಿಯೊಬ್ಬಳು ಸೋಮವಾರದ ಮೀಟಿಂಗಿನಲ್ಲಿ, ಈ ಬಿಡುಗಡೆ ಸಿದ್ಧವಾಗಿಲ್ಲ, ನಿಲ್ಲಿಸೋಣ ಎಂದರೆ ಏನಾಗುತ್ತದೆಂಬುದು ಆ ಕೋಣೆಯಲ್ಲಿರುವ ಎಲ್ಲರಿಗೂ ಗೊತ್ತು: ಅವಳಿಗೆ ಟೀಮ್ ಸ್ಪಿರಿಟ್ ಇಲ್ಲವೆಂದು ವರ್ಷದ ಕೊನೆಯ ಅಪ್ರೈಸಲ್ಲಿನಲ್ಲಿ ದಾಖಲಾಗುತ್ತದೆ. ಹಗ್ಗ ಎಳೆಯುವ ಧೈರ್ಯವನ್ನು ದುಡ್ಡು ಕೊಟ್ಟು ಕಲಿಸುವುದು, ಎಳೆದ ಕೈಯನ್ನು ಹಿಡಿದು ತಿರುಚುವುದು, ಎರಡನ್ನೂ ಒಂದೇ ಕಂಪನಿ ಒಂದೇ ತ್ರೈಮಾಸಿಕದಲ್ಲಿ ಮಾಡುವುದಕ್ಕೆ ಶಾಸ್ತ್ರದಲ್ಲಿ ಹೆಸರಿಲ್ಲ. ಆಡುಮಾತಿನಲ್ಲಿರುವ ಹೆಸರನ್ನು ಇಂಥ ಗ್ರಂಥದಲ್ಲಿ ಅಚ್ಚು ಹಾಕುವಂತಿಲ್ಲ.

ಸಾಮಗ್ರಿಯ ಕರ್ತೃತ್ವದ ಪ್ರಶ್ನೆಯೂ ಹೀಗೆಯೇ. ಭಾವಚಿತ್ರ ತರಬೇತುದಾರರದು, ಸ್ಲೈಡು ಮಾಡಿದವರು ತರಬೇತಿ ವಿಭಾಗದ ಕಿರಿಯ ನೌಕರರು, ಅವರ ಹೆಸರು ಎಲ್ಲಿಯೂ ಇಲ್ಲ. ಹನ್ನೆರಡು ತತ್ತ್ವಗಳಲ್ಲಿ ಎಂಟನೆಯದು, ಕೆಲಸ ಮಾಡುವವರು ಎಷ್ಟು ಕಾಲವಾದರೂ ದಣಿಯದೆ ಸಾಗಬಲ್ಲ ಸಮಗತಿಯಲ್ಲಿ ಕೆಲಸ ನಡೆಯಬೇಕೆನ್ನುತ್ತದೆ. ನಾಳೆ ಒಂಬತ್ತಕ್ಕೆ ಕಾರ್ಯಾಗಾರವಿದೆ, ಬಣ್ಣ ಕಂಪನಿಯ ಬ್ರ್ಯಾಂಡಿಗೆ ಹೊಂದುತ್ತಿಲ್ಲ ಎಂದು ರಾತ್ರಿ ಹತ್ತಕ್ಕೆ ವಾಟ್ಸಾಪ್ ಸಂದೇಶ ಬಂದು, ಆ ಎಂಟನೆಯ ತತ್ತ್ವದ ಸ್ಲೈಡಿಗೆ ನೀಲಿ ಬಳಿಯುತ್ತ ಒಂದು ಗಂಟೆಯವರೆಗೆ ಕೂತವರು ಅದನ್ನು ಓದಿಕೊಂಡೇ ಬಳಿದಿರುತ್ತಾರೆ. ಇದರಲ್ಲಿ ಅಣಕಿಸುವಂಥದು ಏನೂ ಇಲ್ಲ.

ಕೊನೆಗೆ ಅಧಿಕಾರಿ. ಅವರು ದೀಪ ಬೆಳಗಿಸಿ, ಬದಲಾವಣೆ ಎಲ್ಲರ ಮನಸ್ಸಿನಿಂದ ಶುರುವಾಗಬೇಕೆಂದು ನಾಲ್ಕು ಮಾತಾಡಿ, ಇನ್ನೊಂದು ಕಾಲ್ ಇದೆಯೆಂದು ಕಾಫಿಗೆ ಮೊದಲೇ ಹೊರಡುತ್ತಾರೆ. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಕೈಯೆತ್ತಿ, ಮುಗಿಸುವ ತಾರೀಕನ್ನು ಗ್ರಾಹಕನಿಗೆ ಮೊದಲೇ ಕೊಟ್ಟಾಗಿದೆಯಲ್ಲ, ಮತ್ತೆ ನಮ್ಮಿಂದ ಅಂದಾಜು ಕೇಳುವುದು ಯಾಕೆ ಎನ್ನುತ್ತಾರೆ. ತರಬೇತುದಾರರು ಒಳ್ಳೆಯ ಪ್ರಶ್ನೆಯೆಂದು ಮೆಚ್ಚಿ, ಅದನ್ನು ಪಾರ್ಕಿಂಗ್ ಲಾಟ್ ಎಂಬ ಚಾರ್ಟ್ ಹಾಳೆಯ ಮೇಲೆ ಬರೆಸುತ್ತಾರೆ; ಸದ್ಯಕ್ಕೆ ಉತ್ತರವಿಲ್ಲದ ಪ್ರಶ್ನೆಗಳನ್ನು ನಿಲ್ಲಿಸಿಡುವ ಜಾಗ ಅದು. ಪ್ರತಿ ಕಾರ್ಯಾಗಾರದಲ್ಲಿಯೂ ಅಲ್ಲಿ ಹೆಚ್ಚುಕಡಿಮೆ ಅದೇ ಪ್ರಶ್ನೆ ಬಂದು ನಿಲ್ಲುತ್ತದೆ. ಅದಕ್ಕೊಂದು ಸ್ಲೈಡು ಮಾಡುವುದು ತಯಾರಕರ ಕೈಲಿಲ್ಲ, ಏಕೆಂದರೆ ಆ ತಾರೀಕನ್ನು ಕೊಟ್ಟವರು ದೀಪ ಬೆಳಗಿಸಿ ಹೋದವರೇ.