ಕೀಲಿಕೈ ಯಾರ ಕಿಸೆಯಾಗೈತಿ?

ಕುಬಿಹಾಳದಲ್ಲಿ ಈಗ ಕೋಳಿ ಕೂಗುವುದಕ್ಕೂ ಮೊದಲೇ ವಾಟ್ಸಾಪ್ ಕೂಗುತ್ತದೆ. ಮೊದಲು ಗುಲಾಬಿ ಹೂವು. ಆಮೇಲೆ ಶುಭೋದಯ. ಆಮೇಲೆ ಬೈಗುಳ. ಈ ಕ್ರಮ ತಪ್ಪಿತೆಂದರೆ ಊರಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದರ್ಥ. ಅಂದು ಮಾತ್ರ ಹೂವು, ‘ಓಂ ಶಾಂತಿ’. ಬೈಗುಳ ಮಣ್ಣು ಮುಗಿದ ಮೇಲೆ.

ಹಿಂದೆ ಜಗಳ ಹೊಲದ ಬದುವಿಗೆ ಆಗುತ್ತಿತ್ತು. ಅದಕ್ಕೊಂದು ಅಳತೆ ಇತ್ತು, ಸರಪಳಿ ಇತ್ತು, ನಾಲ್ಕು ಮಂದಿ ಹಿರಿಯರಿದ್ದರು. ಈಗ ಜಗಳ ಎಲಾನ್ ಮಸ್ಕ್‌ನ ಸಲುವಾಗಿ. ಆತನಿಗೆ ನಮ್ಮ ಕುಂದಗೋಳ ತಾಲೂಕು ಎಲ್ಲಿದೆ ಎಂದು ಗೊತ್ತಿಲ್ಲ. ನಮ್ಮವರಿಗೆ ಆತನ ಹಕ್ಕುಬಾಧ್ಯತೆ ಪೂರ್ತಿ ಗೊತ್ತು. ತಮ್ಮದು ಗೊತ್ತಿಲ್ಲ, ಅಷ್ಟೇ.

ಗುಂಪಿನಲ್ಲಿ ಎರಡು ಬಣ. ಒಂದು ದಿಲ್ಲಿ ಸರಕಾರದ್ದು, ಇನ್ನೊಂದು ಬೆಂಗಳೂರು ಸರಕಾರದ್ದು. ಊರಿನ ಬಣ ಇಲ್ಲ. ಊರು ಯಾರಿಗೆ ಬೇಕಾಗಿದೆ?

2025ರ ಸೆಪ್ಟೆಂಬರ್ 24ರಂದು ದಿಲ್ಲಿ ಬಣಕ್ಕೆ ದೀಪಾವಳಿ. ಮಸ್ಕ್‌ನ ಎಕ್ಸ್ ಕಂಪನಿ ಹೂಡಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ ವಜಾ ಮಾಡಿತು. ತಗಾದೆ ‘ಸಹಯೋಗ್’ ಎಂಬ ಪೋರ್ಟಲಿನದು. ಹೆಸರು ಎಷ್ಟು ಮೃದು ನೋಡಿ. ಸಹಕಾರಿ ಸಂಘದ ಸಭೆ ಕರೆದಂತಿದೆ. ಕೆಲಸ ಮಾತ್ರ ‘ಇದನ್ನು ತೆಗೆ, ಅದನ್ನು ಅಳಿಸು’ ಎಂದು ಅಧಿಕಾರಿಗಳು ಕಂಪನಿಗಳಿಗೆ ನೋಟಿಸು ಕಳಿಸುವುದು. ವಿದೇಶಿ ಕಂಪನಿಗೆ ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿ ಅನ್ವಯಿಸದು, ಅದು ಈ ದೇಶದ ನಾಗರಿಕರದ್ದು ಎಂದಿತು ಕೋರ್ಟು. ನಮ್ಮ ಗುಂಪಿನಲ್ಲಿ ಪಟಾಕಿಯ ಚಿತ್ರಗಳು ಸಾಲುಗಟ್ಟಿದವು. ‘ಮಸ್ಕ್‌ಗ ಮಂಗಳಾರತಿ ಆತು’ ಎಂದು ಒಬ್ಬರು ಬರೆದರು. ಸರಿ, ಮಸ್ಕ್‌ಗೆ ಹಕ್ಕಿಲ್ಲ. ನಾಗರಿಕನಾದ ನಿನ್ನ ಪೋಸ್ಟು ನಾಳೆ ಮಾಯವಾದರೆ ಯಾರನ್ನು ಕೇಳುತ್ತೀಯೋ ಮಾರಾಯ? ಈ ಪ್ರಶ್ನೆ ಹಾಕಿದೆ. ಉತ್ತರವಾಗಿ ಒಂದು ಧ್ವಜದ ಚಿತ್ರ ಬಂತು.

ಆ ವಿಚಾರಣೆಯಲ್ಲಿ ನಡೆದದ್ದನ್ನು ಯಾರೂ ಓದಲಿಲ್ಲ. ಓದಿದ್ದರೆ ನಗುವುದಕ್ಕಾದರೂ ಬರುತ್ತಿತ್ತು. ಹೈದರಾಬಾದಿನ ಕಡೆ ಹೆಣ್ಣುಮಗಳೊಬ್ಬಳು ರೈಲು ಹಳಿಯ ಮೇಲೆ ಕಾರು ಓಡಿಸಿದ ವಿಡಿಯೊ ಬಂದಿತ್ತಲ್ಲ, ಅದನ್ನು ತೆಗೆಯಿರಿ ಎಂದು ರೈಲ್ವೆ ನೋಟಿಸು ಕೊಟ್ಟಿತ್ತು. ಹಳಿಯ ಮೇಲೆ ಕಾರು ಬಂದದ್ದು ತಪ್ಪಲ್ಲ, ನಾವು ನೋಡಿದ್ದು ತಪ್ಪು! ಹೀಗೆ ಟಾಮ್, ಡಿಕ್, ಹ್ಯಾರಿ ಎಲ್ಲ ಅಧಿಕಾರಿಗಳೂ ನೋಟಿಸು ಕೊಡತೊಡಗಿದರೆ ಹೇಗೆ ಎಂದರು ಕಂಪನಿಯ ವಕೀಲರು. ನಮ್ಮ ಕಡೆ ಇದಕ್ಕೆ ‘ಹೋಗಾವ ಬರಾವ’ ಅನ್ನುತ್ತಾರೆ. ಸಾಲಿಸಿಟರ್ ಜನರಲ್‌ಗೆ ಸಿಟ್ಟು ಬಂತು. ಮುಂದೊಂದು ದಿನ ಅವರೇ ‘ಸುಪ್ರೀಂ ಕೋರ್ಟ್ ಆಫ್ ಕರ್ನಾಟಕ’ ಎಂಬ ಸುಳ್ಳು ಹೆಸರಿನ ಖಾತೆ ತೆರೆದದ್ದನ್ನು, ಅದಕ್ಕೆ ಎಕ್ಸ್ ದೃಢೀಕರಣದ ಗುರುತು ಕೊಟ್ಟದ್ದನ್ನು ಕೋರ್ಟಿಗೆ ತೋರಿಸಿದರು. ಸುಳ್ಳು ಎಷ್ಟು ಸಲೀಸು ಎಂದು ತೋರಿಸಲಿಕ್ಕೆ ಸರಕಾರಿ ವಕೀಲರೇ ಸುಳ್ಳು ಖಾತೆ ತೋರಿಸಬೇಕಾಯಿತು. ಒಟ್ಟಿನಲ್ಲಿ ಇಬ್ಬರೂ ಗೆದ್ದರು. ಕಂಪನಿ ಕಾಸಿಗೆ ಗುರುತು ಮಾರುತ್ತದೆ, ಸರಕಾರ ಕಾಸಿಲ್ಲದೆ ಅಳಿಸುತ್ತದೆ. ನಡುವೆ ನಾವು.

ತಮಾಷೆ ಮುಗಿದಿಲ್ಲ. ತೀರ್ಪು ಬಂದ ತಿಂಗಳೊಪ್ಪತ್ತಿನಲ್ಲಿ ಕೇಂದ್ರವೇ ನಿಯಮ ತಿದ್ದಿತು. ನವೆಂಬರ್ 15ರಿಂದ ಇಂಥ ಆದೇಶ ಕೊಡಲು ಜಂಟಿ ಕಾರ್ಯದರ್ಶಿ ದರ್ಜೆ ಬೇಕು, ಪೊಲೀಸರಾದರೆ ಡಿಐಜಿಗಿಂತ ಕೆಳಗಿನವರು ಸಲ್ಲ. ಅಂದರೆ ಹೋಗಾವ ಬರಾವ ನೋಟಿಸು ಕೊಡುತ್ತಿದ್ದದ್ದು ನಿಜವೇ ಅಂತಾಯಿತು. ಪಟಾಕಿ ಹೊಡೆದವರು ಈ ಸುದ್ದಿಯ ದಿನ ಕ್ರಿಕೆಟ್ ಮಾತಾಡುತ್ತಿದ್ದರು.

ಬೆಂಗಳೂರು ಬಣ ಆಗ ಸಂವಿಧಾನದ ಪೀಠಿಕೆಯನ್ನು ಡಿಪಿ ಮಾಡಿಕೊಂಡಿತ್ತು. ಅಂಬೇಡ್ಕರ್ ಚಿತ್ರ, ಮೇಣದಬತ್ತಿ, ‘ವಾಕ್ ಸ್ವಾತಂತ್ರ್ಯದ ಕಗ್ಗೊಲೆ’. ಕಣ್ಣೀರು ಬರುವಂತಿತ್ತು.

ಡಿಸೆಂಬರ್ ಬಂತು. ಬೆಳಗಾವಿ ಅಧಿವೇಶನ ಬಂತು. 18ನೇ ತಾರೀಖು ದ್ವೇಷ ಭಾಷಣ ತಡೆ ಮಸೂದೆಗೆ ವಿಧಾನಸಭೆ ಗದ್ದಲದ ನಡುವೆಯೇ ‘ಹೂಂ’ ಎಂದಿತು. ಒಂದರಿಂದ ಏಳು ವರ್ಷ ಸೆರೆ, 50,000 ರೂಪಾಯಿ ದಂಡ. ಜೊತೆಗೆ, ಆನ್‌ಲೈನ್ ಬರಹ ತೆಗೆಸುವ ಅಧಿಕಾರ ಸರಕಾರ ನೇಮಿಸಿದ ಅಧಿಕಾರಿಗೆ. ಸಹಯೋಗದ ತಮ್ಮ ಹುಟ್ಟಿದ! ಒಂದೇ ರಾತ್ರಿಯಲ್ಲಿ ಮೇಣದಬತ್ತಿ ಆ ಕಡೆಯಿಂದ ಈ ಕಡೆಗೆ ಬಂತು. ‘ವಾಕ್ ಸ್ವಾತಂತ್ರ್ಯದ ಕಗ್ಗೊಲೆ’ ಎಂದು ದಿಲ್ಲಿ ಬಣ ಅತ್ತಿತು. ಅದೇ ಚಿತ್ರ, ಅದೇ ಅಕ್ಷರ. ಅಕ್ಷರದೋಷವೂ ಅದೇ. ಬೆಂಗಳೂರು ಬಣ ‘ಕಾನೂನು ಬೇಕೇ ಬೇಕ್ರಿ’ ಎಂದು ಪಟಾಕಿ ಹೊಡೆಯಿತು.

ದ್ವೇಷ ಕಾರುವವರಿಗೆ ಕಾನೂನು ಬೇಡ ಎಂದು ನಾನು ಹೇಳುತ್ತಿಲ್ಲ. ಹುಬ್ಬಳ್ಳಿ ನಮ್ಮ ಪಕ್ಕದ್ದು. 2022ರ ಏಪ್ರಿಲ್ 16ರ ರಾತ್ರಿ ಒಂದು ವಾಟ್ಸಾಪ್ ಸ್ಟೇಟಸ್ಸಿಗೆ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮೇಲೆ ಕಲ್ಲು ಬಿದ್ದದ್ದು ನಮಗೆ ಗೊತ್ತಿದೆ. ಆ ವಾರ ಸಂತೆಗೆ ಹೋದವರು ಹೊತ್ತು ಮುಳುಗುವ ಮೊದಲೇ ಊರು ಸೇರಿದರು. ಆದರೆ ಮುಂದೆ? 2024ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರ 43 ಪ್ರಕರಣ ಹಿಂಪಡೆಯಲು ಹೊರಟಿತು. ಅದರಲ್ಲಿ ಆ ಪ್ರಕರಣವೂ ಇತ್ತು. 2025ರ ಮೇ ತಿಂಗಳಲ್ಲಿ ಹೈಕೋರ್ಟು ಆ ಆದೇಶವನ್ನೇ ರದ್ದು ಮಾಡಿತು. ಇದ್ದ ಕೇಸು ಬಿಡುವವರು, ಇಲ್ಲದ ಕಾನೂನು ತರುತ್ತಾರೆ. ಯಾರಿಗೆ ಹಾಕಬೇಕು, ಯಾರಿಗೆ ಬಿಡಬೇಕು ಎಂಬ ಪಟ್ಟಿ ಮೊದಲು ತಯಾರಾಗುತ್ತದೆ, ಕಲಂ ಆಮೇಲೆ.

ಅದೇ 2025ರ ಜೂನ್‌ನಲ್ಲಿ ಸುಳ್ಳು ಸುದ್ದಿ ತಡೆಗೊಂದು ಕರಡು ಹೊರಬಿದ್ದಿತ್ತು. ಏಳು ವರ್ಷ ಸೆರೆ, 10 ಲಕ್ಷ ದಂಡ. ಯಾವುದು ಸುಳ್ಳು ಎಂದು ತೀರ್ಮಾನಿಸುವ ಪ್ರಾಧಿಕಾರಕ್ಕೆ ಅಧ್ಯಕ್ಷರು ಯಾರು? ಮಂತ್ರಿ! ಸುಳ್ಳು ಪತ್ತೆಗೆ ಇವರಿಗಿಂತ ಅನುಭವಿಗಳು ಎಲ್ಲಿ ಸಿಕ್ಕಾರು. ಬೊಬ್ಬೆ ಎದ್ದಿತು, ಅದಿನ್ನೂ ಕರಡು ಮಾತ್ರ ಎಂದರು. ಕುಣಿಕೆ ಮಾತ್ರ, ಕುತ್ತಿಗೆಗೆ ಹಾಕಿಲ್ಲ ಎಂದಂತೆ.

ಎರಡೂ ಬಣಗಳ ತಕರಾರು ಇಷ್ಟೇ. ಬಾಯಿಗೆ ಕೀಲಿ ಬೇಡ ಎಂದು ಯಾರೂ ಅನ್ನುತ್ತಿಲ್ಲ. ಕೀಲಿಕೈ ನಮ್ಮವರ ಕಿಸೆಯಾಗಿರಲಿ, ಅಷ್ಟೇ.

ಹಳೆಯ ಲೆಕ್ಕ ತೆಗೆದರೆ ಇನ್ನೂ ಚಂದ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 66ಎ ಎಂಬ ಕಲಂ ಇತ್ತು. ಇನ್ನೊಬ್ಬರಿಗೆ ಕಿರಿಕಿರಿಯಾಗುವಂತೆ ಬರೆದರೆ ಮೂರು ವರ್ಷ ಜೈಲು. ನಮ್ಮ ಗುಂಪಿಗೆ ಹಚ್ಚಿದ್ದರೆ ಕುಬಿಹಾಳದ ಅರ್ಧ ಊರು ಹಿಂಡಲಗಾ ಜೈಲು ಸೇರುತ್ತಿತ್ತು. 2008ರ ಡಿಸೆಂಬರಿನಲ್ಲಿ ಸಂಸತ್ತಿನ ಗದ್ದಲದಲ್ಲೇ ಅದು ಪಾಸಾಯಿತು. ಡಿಸೆಂಬರ್ ಮತ್ತು ಗದ್ದಲ, ಈ ಜೋಡಿ ನೆನಪಿಡಿ. ತಂದದ್ದು ಕಾಂಗ್ರೆಸ್ ಮುಂದಾಳತ್ವದ ಸರಕಾರ. ಕೋರ್ಟಿನಲ್ಲಿ ಅದರ ಬೆನ್ನಿಗೆ ನಿಂತದ್ದು ಬಿಜೆಪಿ ಸರಕಾರ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಅದನ್ನು ಕಿತ್ತು ಎಸೆಯಿತು. ಪೊಲೀಸರು ಎಸೆಯಲಿಲ್ಲ. ಸತ್ತ ಕಲಮಿನಡಿ ಇನ್ನೂ ಕೇಸು ಹಾಕುತ್ತಿದ್ದಾರೆಂದು 2021ರಲ್ಲಿ ಅದೇ ಕೋರ್ಟು ಹೌಹಾರಿತು. ನಮ್ಮ ದೇಶದಲ್ಲಿ ಪಿತೃಗಳಿಗೂ ಪಿಂಡ, ಕಲಮಿಗೂ ಪಿಂಡ.

ಆಧಾರ್‌ದು ಮನೆಯ ಮಾತು. ಅದನ್ನು ಕಟ್ಟಿದ ನಂದನ್ ನಿಲೇಕಣಿ ಧಾರವಾಡದಲ್ಲಿ ಶಾಲೆ ಕಲಿತವರು. ಅದನ್ನು ಜರೆದ ಅನಂತಕುಮಾರ್ ಹುಬ್ಬಳ್ಳಿಯಲ್ಲಿ ಕಾಲೇಜು ಕಲಿತವರು. 2014ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಇಬ್ಬರೂ ಎದುರುಬದುರು. ಆಧಾರ್ ಅಂದರೆ ಮೋಸ ಎಂದು ಪ್ರಚಾರ ಮಾಡಿದವರು ಎರಡು ಲಕ್ಷಕ್ಕೂ ಹೆಚ್ಚು ಮತದಿಂದ ಗೆದ್ದು ಮಂತ್ರಿಯಾದರು. ಅವರದೇ ಸರಕಾರ 2016ರಲ್ಲಿ ಆಧಾರ್ ಕಾಯ್ದೆ ತಂದಿತು. ಆಗ ಕಾಂಗ್ರೆಸ್ಸಿಗೆ ಖಾಸಗಿತನದ ನೆನಪಾಯಿತು. ಮಗು ಹೆತ್ತವರು ‘ನಮ್ಮದಲ್ಲ’ ಎಂದರು, ಅಲ್ಲವೆಂದವರು ತೊಟ್ಟಿಲು ತೂಗಿದರು. ಇಂದು ನಮ್ಮ ಪಹಣಿಗೆ ಆಧಾರ್ ಜೋಡಿಸಿ ಎಂದು ಕಾಂಗ್ರೆಸ್ ಸರಕಾರವೇ ಬೆನ್ನು ಹತ್ತಿದೆ.

ಈ ನಡುವೆ ಒಬ್ಬ ಮನುಷ್ಯ ಯಾವ ಬಣಕ್ಕೂ ಸೇರದೆ ಆಧಾರ್ ವಿರುದ್ಧ ಕೋರ್ಟಿಗೆ ಹೋದ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ವಯಸ್ಸು ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. 2024ರಲ್ಲಿ ಅವರು ತೀರಿಕೊಂಡಾಗ ನಮ್ಮ ಗುಂಪಿನಲ್ಲಿ ಒಂದು ‘ಓಂ ಶಾಂತಿ’ಯೂ ಬೀಳಲಿಲ್ಲ. ಯಾರ ಬಣದವರೆಂದು ತಿಳಿಯಲಿಲ್ಲವಲ್ಲ! ಆ ತೀರ್ಪಿನ ಫಲವಾಗಿ 2023ರಲ್ಲಿ ದತ್ತಾಂಶ ರಕ್ಷಣೆ ಕಾಯ್ದೆ ಬಂತು. ನಮ್ಮ ಗುಟ್ಟು ಕಾಯುತ್ತೇವೆಂದು ತಂದ ಕಾನೂನಿನಲ್ಲಿ ಸರಕಾರ ತನಗೆ ಬೇಕಾದ ವಿನಾಯಿತಿ ಬರೆದುಕೊಂಡಿತು, ಮಾಹಿತಿ ಹಕ್ಕಿನ ಕಾಯ್ದೆಯನ್ನೂ ಕತ್ತರಿಸಿತು. ಯಾರ ಗುಟ್ಟು ಉಳಿಯಿತೆಂದು ಹೇಳಬೇಕೆ? ಈ ಬಗ್ಗೆ ನಮ್ಮ ಗುಂಪಿನಲ್ಲಿ ಬಂದ ಸಂದೇಶಗಳು ಸೊನ್ನೆ. ಎಲಾನ್ ಮಸ್ಕ್ ಬಗ್ಗೆ ಎಣಿಸಲು ನನಗೆ ಪುರುಸೊತ್ತಿಲ್ಲ.

ಕುಂದಗೋಳ ಅಂದರೆ ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಅವರ ಹತ್ತಿರ ಕಲಿಯಲು ಬರುತ್ತಿದ್ದರು. ಒಂದೇ ಸ್ವರಗುಚ್ಛವನ್ನು ದಿನಗಟ್ಟಲೆ ತಿದ್ದಿಸುತ್ತಿದ್ದರಂತೆ ಗುರುಗಳು. ಅದೇ ನೆಲದಲ್ಲಿ ಈಗ ಮೂರು ನಿಮಿಷದ ವಾಯ್ಸ್ ಮೆಸೇಜು ಕಳಿಸುತ್ತಾರೆ. ಸ್ಥಾಯಿ ಇಲ್ಲ, ಅಂತರಾ ಇಲ್ಲ. ನೇರ ತಾರಕ.

ಇಷ್ಟು ಗಂಟಲಿರುವವರು ಕೇಳಬೇಕಾದ್ದು ಬೇರೆ ಇತ್ತು. ಪಹಣಿ ಗಣಕದೊಳಗೆ ಹೋಗಿ ಇಪ್ಪತ್ತು ವರ್ಷ ದಾಟಿತು. ‘ಭೂಮಿ’ ಯೋಜನೆ ಬಂದಾಗ ಹದಿನೈದು ರೂಪಾಯಿಗೆ ಉತಾರ, ಲಂಚ ಬಂದ್ ಎಂದು ಊರೂರಲ್ಲಿ ಹಿಗ್ಗಿದ್ದರು. ಹಿಗ್ಗುವಂಥದ್ದೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕೂ ಮೊದಲು ಉತಾರ ಬರೆಯುತ್ತಿದ್ದ ತಲಾಟಿಯ ಮುಖವಾದರೂ ಕಾಣುತ್ತಿತ್ತು. ಬೈಯಬಹುದಿತ್ತು. ಈಗ ಬೈಯಬೇಕೆಂದರೆ ಸರ್ವರ್. ಅದಕ್ಕೆ ಅಪ್ಪನಿಲ್ಲ, ಊರಿಲ್ಲ.

2020ರಿಂದ ಬೆಳೆ ಸಮೀಕ್ಷೆಗೂ ರೈತರ ಕೈಗೇ ಆ್ಯಪ್. ಎರೆಹೊಲದಲ್ಲಿ ಮೊಣಕಾಲುದ್ದ ಕೆಸರಲ್ಲಿ ನಿಂತು ಫೋಟೊ ಹೊಡೆಯಬೇಕು. ನಾನು ಬಿತ್ತಿದ್ದು ಹೆಸರು. ಒಂದು ವರ್ಷ ದಾಖಲೆಯಲ್ಲಿ ಬೆಳೆದದ್ದು ಗೋವಿನಜೋಳ. ವಿಮೆ ಕೇಳಲು ಹೋದರೆ, ‘ನಿಮ್ಮ ಹೊಲದಾಗ ಹೆಸರೇ ಇಲ್ಲಲ್ರೀ’ ಎಂದರು. ಹೌದು, ನನ್ನ ಹೆಸರೂ ಇರಲಿಲ್ಲ. ತಂತ್ರಾಂಶ ಹೇಳಿದ ಮೇಲೆ ಕಣ್ಣಿಗೆ ಕಂಡದ್ದು ಸುಳ್ಳು ಸುದ್ದಿ. ಇದಕ್ಕೆ ಏಳು ವರ್ಷ ಜೈಲು ಯಾರಿಗೆ ಹಾಕೋಣ?

ಪಕ್ಕದ ನವಲಗುಂದದ ರೈತರಿಗೆ 1980ರಲ್ಲಿ ಫೋನೂ ಇರಲಿಲ್ಲ, ಗುಂಪೂ ಇರಲಿಲ್ಲ. ಮಲಪ್ರಭೆಯ ನೀರು ಸರಿಯಾಗಿ ಬಾರದ ಹೊಲಕ್ಕೂ ಅಭಿವೃದ್ಧಿ ಕರ ಕೇಳಿದರು. ಜುಲೈ 21ರಂದು ರೈತರು ಬೀದಿಗೆ ಬಂದರು. ಗುಂಡು ಹಾರಿತು, ಹೆಣ ಬಿತ್ತು. ಗುಂಡೂರಾವ್ ಸರಕಾರ ಮುಂದೆ ನೆಟ್ಟಗೆ ನಿಲ್ಲಲಿಲ್ಲ. ಪ್ರತಿ ವರ್ಷ ಆ ದಿನ ನಮ್ಮ ಗುಂಪಿನಲ್ಲಿ ಹುತಾತ್ಮರಿಗೆ ಕೈ ಮುಗಿಯುವ ಚಿತ್ರ ಬರುತ್ತದೆ. ಎರಡೂ ಬಣ ಕಳಿಸುತ್ತವೆ. ಎರಡರಲ್ಲೂ ಹುತಾತ್ಮರ ಪಕ್ಕದಲ್ಲಿ ಅವರವರ ನಾಯಕರ ಫೋಟೊ ಇರುತ್ತದೆ. ನಾಯಕರದೇ ದೊಡ್ಡದು.

ಕಳೆದ ವಾರ ಜಗಳ ಮಿತಿಮೀರಿತು. ಒಬ್ಬರು ಇನ್ನೊಬ್ಬರ ಅಜ್ಜನವರೆಗೆ ಹೋದರು. ಅಡ್ಮಿನ್ ಗುಂಪಿಗೆ ಕೀಲಿ ಹಾಕಿದ. ಇನ್ನು ಅಡ್ಮಿನ್ ಮಾತ್ರ ಮಾತಾಡಬಹುದು. ಕಾರಣ ಕೇಳಿದೆ. ‘ಶಾಂತಿ ಸುವ್ಯವಸ್ಥೆ ನೋಡ್ರೀ’ ಎಂದ. ಆಮೇಲೆ ಗುಟ್ಟಾಗಿ ಇನ್ನೊಂದು ಹೇಳಿದ. ಎರಡೂ ಬಣದ ಮುಂದಾಳುಗಳು ರಾತ್ರಿಯೇ ಬೇರೆ ಬೇರೆಯಾಗಿ ಫೋನು ಮಾಡಿದ್ದರಂತೆ. ‘ಅವ್ನ ತಗದ್ ಬಿಡು, ನನಗ ಅಡ್ಮಿನ್ ಮಾಡು.’ ಇಬ್ಬರದೂ ಒಂದೇ ಬೇಡಿಕೆ. ಈ ಊರಿನಲ್ಲಿ ಒಮ್ಮತವೇ ಇಲ್ಲ ಎನ್ನುವವರು ಕೇಳಿಸಿಕೊಳ್ಳಿ.

ಮರುದಿನ ಅವರಿಬ್ಬರೂ ಆನ್‌ಲೈನ್ ಅಂಗಡಿಯ ಪಾಳಿಯಲ್ಲಿ ನನ್ನ ಮುಂದೆ ನಿಂತಿದ್ದರು. ಒಬ್ಬರ ಹಿಂದೊಬ್ಬರು. ಇಬ್ಬರದೂ ಪಡಿತರ ಚೀಟಿಯ ಇ-ಕೆವೈಸಿ. ದಿಲ್ಲಿಯವರ ಹೆಬ್ಬೆರಳನ್ನು ಯಂತ್ರ ಒಪ್ಪಲಿಲ್ಲ. ಕಳೆ ಕಿತ್ತು ಸವೆದ ಬೆರಳು. ಒರೆಸಿ ಒತ್ತಿದರು, ಎಂಜಲು ಹಚ್ಚಿ ಒತ್ತಿದರು. ಬೆಂಗಳೂರಿನವರ ಬೆರಳು ಸರಿಯಿತ್ತು, ಓಟಿಪಿ ಬರಲಿಲ್ಲ. ಆಮೇಲೆ ಪರದೆಯೇ ಕಪ್ಪಾಯಿತು. ಕುರ್ಚಿಯಲ್ಲಿದ್ದ ಹುಡುಗ ಮುಖವನ್ನೂ ಎತ್ತದೆ ಹೇಳಿದ: ‘ಸರ್ವರ್ ಇಲ್ರೀ. ನಾಳಿಗೆ ಬರ್ರಿ.’

ಪ್ರಧಾನಿಯನ್ನು, ಮುಖ್ಯಮಂತ್ರಿಯನ್ನು, ಮಸ್ಕ್‌ನನ್ನು ಮುಖಾಮುಖಿ ನಿಲ್ಲಿಸಿ ಬೈದವರು ಇಬ್ಬರೂ. ಯಾವ ಸರ್ವರ್, ಯಾಕಿಲ್ಲ, ಯಾರನ್ನು ಕೇಳಬೇಕು ಎನ್ನುತ್ತಾರೆಂದು ಕಾದೆ.

‘ಎಷ್ಟೊತ್ತಿಗೆ ಬರ್ಬೇಕ್ರೀ?’ ಎಂದರು ಒಬ್ಬರು.

‘ಲಗೂನ ಬರ್ರಿ, ಪಾಳಿ ಭಾಳ ಇರ್ತೈತಿ.’

‘ಆತ್ರೀ,’ ಎಂದರು ಇಬ್ಬರೂ.