ಅಥಾತೋ ಕಾರುಜಿಜ್ಞಾಸಾ

ಎಲೆಕ್ಟ್ರಿಕ್ಕೋ ಪೆಟ್ರೋಲೋ ಎಂಬ ದ್ವೈತದ ಬಗ್ಗೆ ಕಂಪನಿಗಳವರು ಬೆಲೆ, ಮೈಲೇಜು ಎಂದು ಲೌಕಿಕ ಮಟ್ಟದಲ್ಲಿ ಚರ್ಚಿಸಿದ್ದಾರೆಯೇ ಹೊರತು ಭಾಟ್ಟ ಮೀಮಾಂಸಕರ ಆರು ಪ್ರಮಾಣಗಳ ತಂಟೆಗೆ ಹೋಗಿಲ್ಲ. ಆ ಕೊರತೆ ತುಂಬಲು ಪ್ರಸ್ತುತ ಪ್ರಬಂಧಕಾರನು ದಾವಣಗೆರೆಯ ಒಂದು ಬೆಣ್ಣೆದೋಸೆ ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಕ್ಷೇತ್ರಕಾರ್ಯ ನಡೆಸಿದನು. ದೋಸೆಯ ಖರ್ಚು ಸ್ವಂತದ್ದು.

ಪ್ರತ್ಯಕ್ಷದಲ್ಲಿ ಹೆಚ್ಚು ತಕರಾರಿಲ್ಲ. ಪಿ.ಬಿ. ರಸ್ತೆಯಲ್ಲಿ ಪೆಟ್ರೋಲ್ ಬಂಕು ಕಣ್ಣಿಗೆ ಕಾಣುತ್ತದೆ, ಚಾರ್ಜರು ಮೊಬೈಲಿನಲ್ಲಿ ಕಾಣುತ್ತದೆ. ಮೊಬೈಲು ತೋರಿಸಿದ ಜಾಗಕ್ಕೆ ಹೋಗಿ ನಿಂತಾಗ ಒಮ್ಮೊಮ್ಮೆ ದೊರೆಯುವ ಜ್ಞಾನಕ್ಕೆ ಅನುಪಲಬ್ಧಿ ಎಂದು ಹೆಸರು. ಉಪಮಾನವೂ ಸುಲಭ: ಹಸುವಿನಂತಿರುವ ಕಾಡುಪ್ರಾಣಿ ಗವಯ, ನೆಕ್ಸಾನಿನಂತೆಯೇ ಇದ್ದು ನಂಬರ್ ಪ್ಲೇಟು ಹಸಿರಾಗಿದ್ದರೆ ಅದು ನೆಕ್ಸಾನ್ ಇವಿ.

ತೊಡಕು ಶುರುವಾಗುವುದು ಅನುಮಾನದಲ್ಲಿ. ಹೊಗೆಯಿದ್ದಲ್ಲಿ ಬೆಂಕಿ ಎಂಬುದಕ್ಕೆ ಶಾಸ್ತ್ರಕಾರರು ಪರ್ವತ ಹತ್ತಿದರು. ನಮಗೆ ಮಂಡಕ್ಕಿ ಭಟ್ಟಿಯೇ ಸಾಕು. ಆದರೆ ಎಲೆಕ್ಟ್ರಿಕ್ ಕಾರಿಗೆ ಹೊಗೆಯೇ ಇಲ್ಲ, ಹಾಗಿರುವಾಗ ಅನುಮಾನ ಹುಟ್ಟಬಾರದು. ಹುಟ್ಟಿದೆ. 2022ರ ಬೇಸಿಗೆಯಲ್ಲಿ ಎಲ್ಲೆಲ್ಲೋ ಹೊತ್ತಿ ಉರಿದ ಎಲೆಕ್ಟ್ರಿಕ್ ಸ್ಕೂಟರುಗಳ ವಿಡಿಯೊ ನಮ್ಮ ಬೀಗರ ವಾಟ್ಸ್ಆ್ಯಪಿನಲ್ಲಿ ಇನ್ನೂ ಆರಿಲ್ಲ. ಸಂಸ್ಕೃತದಲ್ಲಿ ಅನುಮಾನವೆಂದರೆ ತರ್ಕ, ಕನ್ನಡದಲ್ಲಿ ಸಂಶಯ. ಕಾರು ಕೊಳ್ಳುವವನು ಅಪ್ಪಟ ಕನ್ನಡಿಗ. ಅವನು ದಿನಾ ಹೋಗುವ ಹರಿಹರ 14 ಕಿಲೋಮೀಟರು. ಬೆಂಗಳೂರಿನ ಮಗಳ ಮನೆ ಸುಮಾರು 260. ಹೋಗುವುದು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ. ಆ ಎರಡು ಪ್ರಯಾಣಗಳ ಅನುಮಾನವೇ ವರ್ಷಪೂರ್ತಿ ಸ್ಟೀರಿಂಗ್ ಹಿಡಿಯುತ್ತದೆ. ಭಾನುವಾರ ಒಂದು ಖಾಲಿ ದೋಸೆಗಾಗಿ ಗಂಟೆಗಟ್ಟಲೆ ನಿಲ್ಲುವ ಮನುಷ್ಯನೇ, ಸಿರಾದಲ್ಲಿ ಚಾರ್ಜಿಂಗಿಗೆ ಒಂದು ಗಂಟೆ ಕಾಯುವುದು ಮನುಷ್ಯಮಾತ್ರರಿಂದ ಸಾಧ್ಯವೇ ಎಂದು ಕೇಳುತ್ತಾನೆ.

ಶಬ್ದಪ್ರಮಾಣವೆಂದರೆ ಆಪ್ತರ ಮಾತು. ನಮ್ಮಲ್ಲಿ ಆಪ್ತನೆಂದರೆ ಗ್ಯಾರೇಜಿನ ಮಿಸ್ತ್ರಿ. ಆಯಿಲ್ ಬದಲಿಸಬೇಕಿಲ್ಲದ ಕಾರಿನ ಬಗ್ಗೆ ಅವನ ಅಭಿಪ್ರಾಯವನ್ನು ಕೇಳುವುದು, ಮದುವೆಯಾಗಲೋ ಬೇಡವೋ ಎಂದು ಚೌಲ್ಟ್ರಿ ಮಾಲೀಕನನ್ನು ಕೇಳಿದಂತೆ. ಹರಿಹರದಲ್ಲಂತೂ ಶಬ್ದವನ್ನು ಅಕ್ಷರಶಃ ತೆಗೆದುಕೊಳ್ಳಬೇಕು. 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್‌ನ ಲೇತುಗಳ ಸದ್ದಿನಲ್ಲಿ ಬೆಳೆದ ಊರದು. ಕಾರ್ಖಾನೆ ಮುಚ್ಚಿದರೂ ಕಿವಿ ಮುಚ್ಚಿಲ್ಲ. ಅಲ್ಲಿನ ನಿವೃತ್ತ ಟರ್ನರ್ ಒಬ್ಬರು ಬಾನೆಟ್ ಎತ್ತಿಸಿ, ಬಗ್ಗಿ, ಬಹಳ ಹೊತ್ತು ನೋಡಿ ಹೇಳಿದರು: "ಅಲ್ಲಪಾ ತಮ್ಮಾ, ಆಯಿಲ್ ಇಲ್ಲ, ಗೇರ್ ಇಲ್ಲ, ಸದ್ದಿಲ್ಲ. ಇದು ಗಾಡಿನೋ ಫ್ರಿಜ್ಜೋ?" ಇದಕ್ಕೆ ಖಂಡನೆ ಬರೆಯುವ ಧೈರ್ಯ ಈ ಪ್ರಬಂಧಕಾರನಿಗಿಲ್ಲ.

ಇನ್ನುಳಿದದ್ದು ಅರ್ಥಾಪತ್ತಿ. ಅರ್ಥ ಎಂದರೆ ದುಡ್ಡು, ಆಪತ್ತಿ ಎಂದರೆ ಆಪತ್ತು. (ವೈಯಾಕರಣರು ಕ್ಷಮಿಸಬೇಕು.) ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ. ಬಂಕಿನ ಕಡೆ ತಲೆಯೂ ಹಾಕದ ಕಾರು ಓಡುತ್ತಿದೆಯೆಂದರೆ ಅದೂ ರಾತ್ರಿ ಉಣ್ಣುತ್ತಿದೆ, ಬೆಸ್ಕಾಂ ಮೀಟರಿನಿಂದ. ಹರಿಹರಕ್ಕೆ ಹೋಗಿಬರಲು 28 ಕಿಲೋಮೀಟರಿಗೆ ಹತ್ತಿರ ಹತ್ತಿರ 4 ಯೂನಿಟ್. ತಿಂಗಳಿಗೆ 26 ದಿನವೆಂದರೆ ನೂರರ ಮೇಲೆ. ಆರೇಳು ನೂರು ರೂಪಾಯಿ. ಅಷ್ಟೇ ದೂರಕ್ಕೆ ಪೆಟ್ರೋಲ್ ಕಾರು ನಾಲ್ಕು ಸಾವಿರಕ್ಕೂ ಮಿಕ್ಕಿ ಕುಡಿಯುತ್ತದೆ. ಲೆಕ್ಕ ಇಲ್ಲಿಗೇ ಮುಗಿಯಬೇಕಿತ್ತು. ಆದರೆ 2023ರಿಂದ ಮನೆಯಲ್ಲಿ ಗೃಹಜ್ಯೋತಿ ಬೆಳಗುತ್ತಿದೆ: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಮೂರು ಸಾವಿರ ಉಳಿಯಿತೆಂದು ಮಗ ಲೆಕ್ಕ ಒಪ್ಪಿಸುತ್ತಾನೆ. ತಾಯಿ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳುತ್ತಾಳೆ: "ಸೊನ್ನೆ ಬಿಲ್ ಬರ್ತಿತ್ತಲ್ಲೋ, ಅದೆಲ್ಲಿ ಹೋತು?" ಪೆಟ್ರೋಲು ಉಳಿದದ್ದನ್ನು ಯಾರೂ ಕಾಗದದಲ್ಲಿ ಅಚ್ಚು ಹಾಕಿ ಮನೆಬಾಗಿಲಿಗೆ ತಂದುಕೊಡುವುದಿಲ್ಲ. ಸೊನ್ನೆಯನ್ನು ಕಂಡುಹಿಡಿದ ದೇಶದಲ್ಲಿ ಸೊನ್ನೆ ಕಳೆದುಕೊಂಡ ದುಃಖಕ್ಕೆ ಬ್ಯಾಟರಿಯ 8 ವರ್ಷದ ವಾರಂಟಿ ಸಮಾಧಾನವಾಗದು.

ಹೀಗೆ ಆರೂ ಪ್ರಮಾಣಗಳು ಕೈಕೊಟ್ಟ ಮೇಲೆ ಸಿದ್ಧಾಂತಕ್ಕಾಗಿ ಹರಿಹರೇಶ್ವರನ ಗುಡಿಗೆ ಹೋಗುವುದೇ ಸರಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲವೆಂದು ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾಗಿ ಬಂದರು. ಅರ್ಧ ಪೆಟ್ರೋಲು, ಅರ್ಧ ಕರೆಂಟು. ತುಂಗಭದ್ರೆಯ ದಡದ ಮೊದಲ ಹೈಬ್ರಿಡ್ ಇದೇ. ಸಿದ್ಧಾಂತ ನಿರ್ದುಷ್ಟವಾಗಿದೆ ಎಂದು ಮಂಗಳ ಹಾಡುವಷ್ಟರಲ್ಲಿ ಜಿಎಸ್‌ಟಿಯ ಪಟ್ಟಿ ಕಣ್ಣಿಗೆ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿಗೆ ಶೇ. 18, ಎಲೆಕ್ಟ್ರಿಕ್ಕಿಗೆ ಮೊದಲಿನಂತೆ ಶೇ. 5, ನಾಲ್ಕು ಮೀಟರಿಗಿಂತ ಉದ್ದದ ಹರಿಹರನಿಗೆ ಶೇ. 40.

ಸದ್ಯಕ್ಕೆ ಗುಹಾಸುರ ಬಚಾವು.