ಬಿಸಿಗಾಳಿ ಪಾಕ ಮೀಮಾಂಸೆ ಅಥವಾ ಕಾರ್ಬ್ ಕಳೆದ ಖೀಮಾ ಉಂಡಿಯ ತತ್ತ್ವವಿಚಾರ

ಏರ್ ಫ್ರೈಯರಿನಲ್ಲಿ ಪಿಷ್ಟ ತಾಗಿಸದ ಖೀಮಾ ಉಂಡಿ ಬೇಯಿಸುವ ವಿದ್ಯೆಯ ಬಗ್ಗೆ ಪಾಶ್ಚಾತ್ಯರು ಬೇಕಾದಷ್ಟು ಬರೆದುಕೊಂಡಿದ್ದಾರೆ. ಆ ವಿದ್ಯೆಯನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನೆಲದ ಮೇಲೆ ನಿಲ್ಲಿಸಿ ಒರೆಗೆ ಹಚ್ಚಿದವರು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಈ ಸೀಮೆಗಾಗಿಯೇ ಸಂವಿಧಾನಕ್ಕೆ 371(ಜೆ) ವಿಧಿ ಸೇರಿದ ಮೇಲೂ ತುಂಬದೆ ಉಳಿದ ಕೊರತೆಗಳಲ್ಲಿ ಇದೂ ಒಂದೆಂದು ತಿಳಿದು, ಕಲ್ಯಾಣ ಕರ್ನಾಟಕದ ಪಾಕಶಾಸ್ತ್ರಕ್ಕೆ ಈ ಕಿರು ಪ್ರಬಂಧವನ್ನು ಒಪ್ಪಿಸುತ್ತಿದ್ದೇನೆ.

ಮೊದಲು ಕ್ಷೇತ್ರನಿರ್ಣಯ. ಐದೂ ಊರು ಕಲಬುರಗಿ ಜಿಲ್ಲೆಯವು. ನೆಲದಡಿ ಸುಣ್ಣದ ಕಲ್ಲು, ಅದರ ಮೇಲೆ ಎರೆಮಣ್ಣು, ಎರೆಮಣ್ಣಿನ ಮೇಲೆ ತೊಗರಿ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ನೂರು ಗ್ರಾಮಿನಲ್ಲಿ ಹತ್ತಿರಹತ್ತಿರ 60 ಗ್ರಾಂ ಕಾರ್ಬ್ ಹೊತ್ತ ಕಾಳಿಗೆ ಸರಕಾರವೇ ಮುದ್ರೆ ಒತ್ತಿದ ಸೀಮೆಯಲ್ಲಿ ನಿಂತು ‘ನನಗೆ ಕಾರ್ಬ್ ಬ್ಯಾಡ’ ಎನ್ನುವುದು ಹೆಚ್ಚುಕಡಿಮೆ ರಾಜದ್ರೋಹ. ಇನ್ನು ರೈಲಿನ ವಿಚಾರ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಹಳಿ ನಿಜಾಮರ ಕಾಲದಲ್ಲಿ, 1874ರಲ್ಲಿ ಬಿತ್ತು. ಚಿತ್ತಾಪುರವೂ ಸೇಡಮ್ಮೂ ಅದೇ ಹಳಿಯ ಮೇಲಿವೆ. ಹೈದರಾಬಾದಿನ ಕೋಫ್ತಾ, ಅಂದರೆ ನಮ್ಮ ಖೀಮಾ ಉಂಡಿ, ಇದೇ ದಾರಿಯಲ್ಲಿ ನಮ್ಮ ಕಡೆ ಇಳಿಯಿತೆಂಬ ವಾದವೊಂದನ್ನು ನಾನು ಮಂಡಿಸುತ್ತೇನೆ. ಆಧಾರ ಕೇಳಬಾರದು. ರೈಲೇ ಇಲ್ಲದ ಚಿಂಚೋಳಿಯಲ್ಲೂ ಜನ ಕೋಫ್ತಾ ತಿನ್ನುವುದರಿಂದ ವಾದ ಬಿತ್ತೆಂದು ಕುಹಕಿಗಳು ನಗಬಹುದು. ಅಂಥವರು ಜಗತ್ತಿನಲ್ಲಿ ಬಸ್ಸೂ ಇದೆ ಎಂಬುದನ್ನು ಮರೆತಿರುತ್ತಾರೆ.

ಗ್ರಂಥಾಧಾರಗಳಿಗೆ ಬರೋಣ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕ್ರಿ.ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನ ಕೈಯಿಂದ ‘ಕವಿರಾಜಮಾರ್ಗ’ ಬಂದದ್ದು ಈ ಕಾಗಿಣಾ ಹೊಳೆಯ ದಂಡೆಯಲ್ಲಿ. ಕಾವೇರಿಯಿಂದ ಗೋದಾವರಿಯವರೆಗೆ ನಾಡನ್ನು ಅಳೆದ ಗ್ರಂಥ, ಕಾವ್ಯದ ಗುಣ ದೋಷಗಳನ್ನು ಬಿಡಿಸಿ ಬಿಡಿಸಿ ಹೇಳಿದ ಗ್ರಂಥ, ಖೀಮಾ ಉಂಡಿಯ ಗುಣ ದೋಷಗಳ ಬಗ್ಗೆ ತುಟಿ ಬಿಚ್ಚುವುದಿಲ್ಲ. ಅರಸ ಜೈನಮುನಿ ಜಿನಸೇನರ ಶಿಷ್ಯನಾಗಿದ್ದ ಮೇಲೆ ಬಿಚ್ಚುವುದಾದರೂ ಹೇಗೆ? 1508ರ ಸುಮಾರಿಗೆ ‘ಸೂಪಶಾಸ್ತ್ರ’ ಬರೆದ ಮೂರನೆಯ ಮಂಗರಸನಲ್ಲಿ ಆಸೆ ಇಟ್ಟು ತೆರೆದರೆ ಅವನೂ ಜೈನ. ಬದನೆಕಾಯಿಗೆ ಕೊಟ್ಟ ಮರ್ಯಾದೆಯಲ್ಲಿ ಕಾಲು ಪಾಲನ್ನೂ ಅವನು ಕುರಿಗೆ ಕೊಟ್ಟಿಲ್ಲ.

ನಮ್ಮ ಕೈ ಹಿಡಿಯುವವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. 1129ರ ಸುಮಾರಿನ ಅವನ ‘ಮಾನಸೋಲ್ಲಾಸ’ದ ಊಟದ ಭಾಗದಲ್ಲಿ ಮಾಂಸ ಹುರಿಯುವುದಿದೆ, ಸುಡುವುದಿದೆ, ಕೊಚ್ಚಿ ಬದನೆಕಾಯಿಯ ಹೊಟ್ಟೆಗೆ ತುಂಬುವುದೂ ಇದೆ. ಹೊಲದ ಇಲಿಯನ್ನು ಸುಡುವ ಕ್ರಮವನ್ನೂ ಮಹಾರಾಜರು ಬಿಟ್ಟಿಲ್ಲ. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ, ಚಿಂಚೋಳಿಗೆ ಅದು ದೂರದ್ದೇನಲ್ಲ. ಆದ್ದರಿಂದ ಮಾಂಸಪಾಕದಲ್ಲಿ ಐದು ಊರುಗಳ ಪೈಕಿ ಚಿಂಚೋಳಿಗೇ ಅಗ್ರಪೂಜೆ ಸಲ್ಲಬೇಕೆಂದು ಅಲ್ಲಿಯವರು ಹೇಳಿದರೆ ನನ್ನ ತಕರಾರಿಲ್ಲ. ಇಲಿಯ ವಿಷಯ ಎತ್ತಿದ ಕೂಡಲೇ ಅವರೇ ಹಿಂದೆ ಸರಿಯುತ್ತಾರೆ.

ಯಂತ್ರದ ವಂಶಾವಳಿ ಚಿಕ್ಕದು. ಡಚ್ ಸಂಶೋಧಕ ಫ್ರೆಡ್ ವಾನ್ ಡೆರ್ ವೇಯ್ ರೂಪಿಸಿದ ವಿಧಾನವನ್ನು ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್ನಿನ ಮೇಳದಲ್ಲಿ ಜಗತ್ತಿನ ಮುಂದಿಟ್ಟಿತು. ಹೆಸರಿಗೆ ಫ್ರೈಯರ್, ಅದರೊಳಗೆ ಫ್ರೈ ಎನ್ನುವಂಥದ್ದು ಏನೂ ನಡೆಯುವುದಿಲ್ಲ. ಮೇಲೆ ಕಾಯುವ ಸುರುಳಿ, ಅದರ ಬೆನ್ನಿಗೆ ಫ್ಯಾನು, ಕೆಳಗೆ ತೂತಿನ ಬುಟ್ಟಿ. ಕಾದ ಗಾಳಿ ರಭಸದಿಂದ ಸುತ್ತುತ್ತ ಉಂಡಿಯ ಮೈಮೇಲಿನ ತೇವವನ್ನು ಒರೆಸಿಕೊಂಡು ಹೋಗುತ್ತದೆ. ಮೈ ಒಣಗಿ 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಂದು ಬಣ್ಣವೂ ಘಮವೂ ಹುಟ್ಟುತ್ತವೆ. ಈ ಬಣ್ಣದ ರಸಾಯನವನ್ನು ಫ್ರಾನ್ಸಿನ ಮೇಯಾರ್ 1912ರಲ್ಲಿ ವಿವರಿಸಿದ.

ಇಲ್ಲಿ ಒಂದು ಪೂರ್ವಪಕ್ಷ. ಮೇ ತಿಂಗಳಲ್ಲಿ ಶಹಾಬಾದಿನ ಯಾವ ಮಾಳಿಗೆಯ ಮೇಲಾದರೂ ನಿಂತವನಿಗೆ ಈ ಯಂತ್ರ ಹೊಸದೆನಿಸುವುದಿಲ್ಲ. ಕಾಲಡಿ ಪರಸಿ ಕಲ್ಲು ಕಾದಿರುತ್ತದೆ, ಮೇಲೆ ಬಿಸಿಲು, ನಡುವೆ ಝಳದ ಗಾಳಿ. ಜಿಲ್ಲೆಗೆ ಜಿಲ್ಲೆಯೇ ಏರ್ ಫ್ರೈಯರ್ ಆಗಿರುವಾಗ ಐದಾರು ಸಾವಿರ ಕೊಟ್ಟು ಅದರ ಮರಿಯೊಂದನ್ನು ತರುವುದೇಕೆ? ಉತ್ತರ ಸುಲಭ. ನಮ್ಮ ಬಿಸಿಲು ಎಷ್ಟು ಏರಿದರೂ 44 ಡಿಗ್ರಿಯ ಆಚೀಚೆ. ಕೊಚ್ಚಿದ ಮಾಂಸದ ನಡುಭಾಗ 71 ಡಿಗ್ರಿ ಮುಟ್ಟಿದರೆ ಮಾತ್ರ ತಿನ್ನಲು ನಿರಪಾಯ. 44 ಡಿಗ್ರಿಯಲ್ಲಿ ಖೀಮಾ ಬೇಯುವುದಿಲ್ಲ. ಅದರಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಜಾತ್ರೆ ಶುರುವಾಗುತ್ತದೆ.

ಎರಡನೆಯ ಪೂರ್ವಪಕ್ಷ ವಾಡಿಯದು, ಇದನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಶಹಾಬಾದ, ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟಿನ ಹೊಗೆ ಕಂಡೇ ಜನ ದೊಡ್ಡವರಾಗಿದ್ದಾರೆ. ಸಿಮೆಂಟ್ ಹೇಗಾಗುತ್ತದೆ? ಸುಣ್ಣದ ಕಲ್ಲು, ಜೇಡಿಗಳ ಪುಡಿಯನ್ನು ಓರೆಯಾಗಿ ಮಲಗಿಸಿದ ಉದ್ದನೆಯ ಕಿಲ್ನಿಗೆ ಮೇಲಿನಿಂದ ಬಿಡುತ್ತಾರೆ. ಕೆಳಗಿನ ತುದಿಯಿಂದ ಬೆಂಕಿ, ಎದುರುಗಾಳಿ. ಸುಮಾರು 1450 ಡಿಗ್ರಿಯಲ್ಲಿ ಪುಡಿಯ ಒಂದು ಪಾಲು ಕರಗಿ ಉಳಿದದ್ದನ್ನು ಅಂಟಿಸುತ್ತದೆ. ಕಿಲ್ನ್ ಉರುಳುತ್ತಿದ್ದಂತೆ ಕಡಲೆಯಿಂದ ಗೋಲಿಯ ಗಾತ್ರದವರೆಗಿನ ಉಂಡಿಗಳು ಕೆಳಗೆ ಬೀಳುತ್ತವೆ. ಇದಕ್ಕೇ ಕ್ಲಿಂಕರ್ ಎನ್ನುವುದು. ಬಿಸಿಗಾಳಿಯಲ್ಲಿ ಉಂಡಿ ಕಟ್ಟುವ ವಿದ್ಯೆ, ಅದೂ ಸೊನ್ನೆ ಕಾರ್ಬಿನದು, ಈ ಸೀಮೆಗೆ ಬರ್ಲಿನ್ನಿಗಿಂತ ಎಷ್ಟೋ ದಶಕ ಮೊದಲೇ ಸಿದ್ಧಿಸಿತ್ತು. ತಿನ್ನಲು ಬರುವುದಿಲ್ಲ ಎಂಬುದೊಂದೇ ಕುಂದು. ಅರ್ಧ ಬೆಂದಾಗ ಬುಟ್ಟಿ ಎಳೆದು ಉಂಡಿ ಹೊರಳಿಸುವ ಕಷ್ಟವೂ ಕಿಲ್ನಿನಲ್ಲಿಲ್ಲ. ಆ ಮಟ್ಟಿಗೆ ಏರ್ ಫ್ರೈಯರ್ ಹಿಂದುಳಿದ ಯಂತ್ರವೆಂದೇ ಹೇಳಬೇಕು.

ಇನ್ನು ಮೂಲ ಪ್ರಶ್ನೆ: ಉಂಡಿ ಯಾವುದರಿಂದ ನಿಲ್ಲುತ್ತದೆ?

ನಮ್ಮ ಅಡುಗೆಮನೆಗಳು ಶತಮಾನದಿಂದ ಕೊಟ್ಟ ಉತ್ತರ ಪುಟಾಣಿ ಹಿಟ್ಟು. ಖೀಮಾದ ನೀರನ್ನು ಪುಟಾಣಿ ಕುಡಿಯುತ್ತದೆ, ಉಂಡಿ ಒಡೆಯುವುದಿಲ್ಲ. ಪುಟಾಣಿ ಕಾರ್ಬು, ಆದ್ದರಿಂದ ತ್ಯಾಜ್ಯ ಎಂಬುದು ನವೀನರ ವಾದ. ಅವರು ಹೇಳುವುದು ಬಾದಾಮಿ ಹಿಟ್ಟು, ಪರ್ಮೇಸಾನ್ ಚೀಸು. ಸೇಡಂ ಬಜಾರಿನಲ್ಲಿ ಪರ್ಮೇಸಾನ್ ಕೇಳಿದವನನ್ನು ಅಂಗಡಿಯವರು ಔಷಧ ಅಂಗಡಿಗೆ ಕಳಿಸುತ್ತಾರೆ. ಬಾದಾಮಿಯ ಬೆಲೆ ಕೇಳಿದರೆ ಕುರಿಯೇ ಅಗ್ಗವಾಗಿ ಕಾಣುತ್ತದೆ. ನವೀನರು ಮೂರನೆಯದಾಗಿ ಪಿಸುಗುಡುವ ಹೆಸರು ಅಗಸೆ ಬೀಜ. ಅದನ್ನು ಕೇಳಿದ ಕೂಡಲೇ ನಮ್ಮ ಓಣಿಯ ಹೆಂಗಸರು ನಕ್ಕುಬಿಟ್ಟರು. ಅಗಸಿ ಹಿಂಡಿ ಇಲ್ಲದ ಡಬ್ಬಿ ಈ ಜಿಲ್ಲೆಯಲ್ಲಿ ಯಾರ ಮನೆಯಲ್ಲಿದೆ? ಅಗಸಿಯ ನೂರು ಗ್ರಾಮಿನಲ್ಲಿ ಕಾರ್ಬ್ 29 ಗ್ರಾಂ ಇದ್ದರೂ ಅದರಲ್ಲಿ 27 ಬರೀ ನಾರು. ನೀರು ತಾಗಿದರೆ ಲೋಳೆ ಬಿಡುತ್ತದೆ, ಆ ಲೋಳೆಯೇ ಅಂಟು. ಹಿಂಡಿಯಲ್ಲಿ ಉಪ್ಪು, ಖಾರ, ಬಳ್ಳೊಳ್ಳಿ ಮೊದಲೇ ಇರುವುದರಿಂದ ಬರೀ ಹುರಿದ ಅಗಸಿಯ ಪುಡಿ ಹಾಕುವುದು ಲೇಸು. ಹಿಂಡಿಯನ್ನೇ ಸುರಿದು ಮತ್ತೆ ಉಪ್ಪು ಹಾಕಿದವರ ಉಂಡಿ ಕಾಗಿಣೆಯ ನೀರಷ್ಟನ್ನೂ ಕುಡಿಸುತ್ತದೆ.

ಈ ವಿವಾದವನ್ನು ಮುಗಿಸಿದವರು ವಾಡಿಯ ನಮ್ಮ ಅತ್ತಿ. ಮಾವ ರೈಲ್ವೆಯಿಂದ ರಿಟೈರ್ ಆದ ಮೇಲೆ ಶುಗರ್ ಬಂತು, ಶುಗರಿನ ಹಿಂದೆಯೇ ಹೈದರಾಬಾದಿನ ಮಗನಿಂದ ಯಂತ್ರ ಬಂತು. ಮಟನ್ ಅಂಗಡಿಗೆ ನಾನೇ ಹೋಗಿದ್ದೆ.

‘ಚರ್ಬಿ ತೆಗಿಲೇನ್ರಿ?’

‘ತೆಗಿಬ್ಯಾಡ್ರಿ. ಶುಗರ್ ಇದ್ದೋರಿಗೆ ಅದ.’

ಭಾಯ್ ಕತ್ತಿ ಕೆಳಗಿಟ್ಟು ನನ್ನ ಮುಖ ನೋಡಿದರು. ‘ಶುಗರ್ ಅದ ಅಂತೀರಿ, ಚರ್ಬಿ ಬೇಕಂತೀರಿ. ಯಾ ಡಾಕ್ಟರ್ ಹೇಳ್ಯಾರ್ರಿ ನಿಮಗ?’ ಕಾರ್ಬ್ ಬೇರೆ, ಕೊಬ್ಬು ಬೇರೆ, ಕೊಬ್ಬೇ ಇಲ್ಲದ ಖೀಮಾ ಗಾಳಿಯಲ್ಲಿ ಒಣಗಿ ಕ್ಲಿಂಕರ್ ಆಗುತ್ತದೆ ಎಂಬ ಸಿದ್ಧಾಂತವನ್ನು ವಿವರಿಸುವಷ್ಟರಲ್ಲಿ ಹಿಂದೆ ನಿಂತ ಗಿರಾಕಿಗಳು ಗದ್ದಲ ಎಬ್ಬಿಸಿದರು. ಭಾಯ್ ಅರ್ಧ ಕಿಲೋ ಖೀಮಾವನ್ನು ಎರಡು ಸಲ ಮಷೀನಿಗೆ ಹಾಕಿಕೊಟ್ಟರು. ಉಂಡಿಗೆ ಅದೇ ಸರಿ.

ಅತ್ತಿ ಪರಾತದಲ್ಲಿ ಖೀಮಾ ಹಾಕಿ, ಒಂದು ಚಮಚ ಉಪ್ಪು ಉದುರಿಸಿ ನಾದತೊಡಗಿದರು. ಅಂಗೈಯ ಬುಡದಿಂದ ಒತ್ತುವುದು, ಮಡಚುವುದು, ಮತ್ತೆ ಒತ್ತುವುದು. ಮೊದಲು ಮರಳಿನ ಹಾಗೆ ಬಿಡಿಬಿಡಿಯಾಗಿದ್ದದ್ದು ನೋಡನೋಡುತ್ತ ಬೆರಳಿಗೆ ಹತ್ತಿಕೊಂಡಿತು, ಪರಾತದ ಅಂಚಿಗೆ ಎಳೆಎಳೆಯಾಗಿ ಜಗ್ಗಿತು. ಆಮೇಲೆ ಹಿಂಡಿ ನೀರು ತೆಗೆದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶುಂಠಿ ಬಳ್ಳೊಳ್ಳಿ, ಕೊತಂಬರಿ, ಪುದಿನಾ, ಗರಂ ಮಸಾಲಿ. ಕೊನೆಗೆ ಒಂದು ತತ್ತಿ, ಎರಡು ಚಮಚ ಅಗಸಿ ಪುಡಿ.

‘ಪುಟಾಣಿ ಇಲ್ದ ನಿಂದ್ರತಾವೇನ್ರಿ ಅತ್ತಿ?’

‘ಹಿಟ್ಟಿನ್ಯಾಗ ಏನದ? ಉಪ್ಪು ಹಾಕಿ ಜಬರ್‌ದಸ್ತ್ ನಾದು, ತಾನೇ ಹಿಡಿತದ.’

ಮಾಂಸದಲ್ಲಿ ಮಯೋಸಿನ್ ಎಂಬ ಪ್ರೋಟೀನಿದೆ. ಉಪ್ಪು ಬಿದ್ದು ನಾದಿಸಿಕೊಂಡಾಗ ಅದು ಹೊರಬಂದು ಅಂಟಾಗುತ್ತದೆ, ಬೇಯುವಾಗ ಗಟ್ಟಿಯಾಗಿ ಚೂರುಗಳನ್ನು ಹಿಡಿದಿಡುತ್ತದೆ. ವಿಜ್ಞಾನ ಅತ್ತಿಯ ಪಕ್ಷದಲ್ಲಿದೆಯೆಂದು ತಿಳಿಸಿದಾಗ ಅವರಿಗೆ ವಿಶೇಷ ಸಂತೋಷವೇನೂ ಆಗಲಿಲ್ಲ.

ಪ್ರಯೋಗಭಾಗವನ್ನು ಚುಟುಕಾಗಿ ಹೇಳುತ್ತೇನೆ. ನಿಂಬೆಹಣ್ಣಿನ ಗಾತ್ರಕ್ಕೆ ತುಸು ಕಡಿಮೆ ಉಂಡಿ ಕಟ್ಟಿ ಅರ್ಧ ತಾಸು ಫ್ರಿಜ್ಜಿನಲ್ಲಿಡುವುದು. ತಣ್ಣಗಿದ್ದ ಉಂಡಿ ಆಕಾರ ಕೆಡಿಸಿಕೊಳ್ಳುವುದಿಲ್ಲ. ಯಂತ್ರವನ್ನು 190 ಡಿಗ್ರಿಗೆ ಕಾಯಿಸಿ, ಉಂಡಿಗಳ ಮೇಲೆ ಎಣ್ಣೆಯ ಕೈ ಸವರಿ, ಒಂದಕ್ಕೊಂದು ತಾಗದಂತೆ ಒಂದೇ ಪದರದಲ್ಲಿ ಜೋಡಿಸುವುದು. ರಾಶಿ ಹಾಕಿದರೆ ಗಾಳಿಗೆ ದಾರಿ ಇರುವುದಿಲ್ಲ, ಉಂಡಿ ಬೆವರುತ್ತ ಕೂರುತ್ತದೆ. ಹನ್ನೆರಡರಿಂದ ಹದಿನಾಲ್ಕು ನಿಮಿಷ, ನಡುವೆ ಒಮ್ಮೆ ಹೊರಳಿಸಬೇಕು. ಕೆಳಗಿನ ತಟ್ಟೆಗೆ ಎರಡು ಚಮಚ ನೀರು ಬಿಟ್ಟರೆ ತೊಟ್ಟಿಕ್ಕಿದ ಚರ್ಬಿ ಹೊಗೆಯಾಡುವುದಿಲ್ಲ. ಕರೆಂಟು ಹೋದರೆ ಮಾಡುವುದೇನು ಎಂಬ ಬಗ್ಗೆ ಪಾಶ್ಚಾತ್ಯ ಗ್ರಂಥಗಳು ಮೌನ. ಸುಮಾರು 1500 ವ್ಯಾಟ್ ಎಳೆಯುವ ಈ ಯಂತ್ರವನ್ನು ಮನೆಯ ಸಣ್ಣ ಇನ್ವರ್ಟರಿಗೆ ಹಚ್ಚಿದರೆ ಅದು ಒಂದು ಸಲ ಕೂಗಿ ಮಲಗುತ್ತದೆ. ಆಗ ಹಂಚೇ ಗತಿ. ಹಂಚಿನ ಮೇಲಿನ ಉಂಡಿಯೇ ರುಚಿ ಎಂದು ಮಾವ ಗುಟ್ಟಾಗಿ ಹೇಳಿದ್ದನ್ನು ಮಗನ ಮನಸ್ಸು ನೋಯಬಾರದೆಂದು ಈ ಪ್ರಬಂಧದಲ್ಲಿ ಸೇರಿಸಿಲ್ಲ.

ಈಗ ಸಿದ್ಧಾಂತ. ಅರ್ಧ ಕಿಲೋ ಖೀಮಾಕ್ಕೆ ಇಪ್ಪತ್ತು ಉಂಡಿ. ಹಿಂದೆ ಹಾಕುತ್ತಿದ್ದ ಪುಟಾಣಿ ಹಿಟ್ಟು 20 ಗ್ರಾಂ, ಅದರಲ್ಲಿ ಕಾರ್ಬ್ ಸುಮಾರು 12 ಗ್ರಾಂ. ಅಂದರೆ ಉಂಡಿಯೊಂದಕ್ಕೆ ಅರ್ಧ ಗ್ರಾಮಿಗೆ ತುಸು ಮೇಲೆ. ಐದು ಉಂಡಿ ತಿಂದ ಮಾವ ಅಗಸಿಯ ಕೃಪೆಯಿಂದ ಸುಮಾರು 3 ಗ್ರಾಂ ಕಾರ್ಬಿನಿಂದ ಪಾರಾದರು. ಅಷ್ಟರಲ್ಲಿ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಬರೀ ಉಂಡಿ ತಟ್ಟೆಗೆ ಹಾಕಿ ಗಂಡಸರ ಮುಂದಿಡುವುದು ಅತ್ತಿಯ ಶಾಸ್ತ್ರದಲ್ಲಿ ಅವಮಾನ. ಜೋಳದ ಹಿಟ್ಟಿನ ನೂರು ಗ್ರಾಮಿನಲ್ಲಿ ಸುಮಾರು 70 ಗ್ರಾಂ ಕಾರ್ಬ್. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೂ 35 ಗ್ರಾಂ. ಮಾವ ಉಂಡದ್ದು ಎರಡು ರೊಟ್ಟಿ, ಮೇಲೆ ‘ಬಾಯಿ ತೊಳಿಲಾಕ’ ಒಂದು ಹಿಡಿ ಅನ್ನ, ತೊಗರಿಬ್ಯಾಳಿ.

ಈ ಲೆಕ್ಕದಿಂದ ಹೊರಡುವ ನಿಯಮವನ್ನು ‘ಕಾರ್ಬ್ ಸಂರಕ್ಷಣಾ ನಿಯಮ’ ಎಂದು ಕರೆಯಲು ವಿದ್ವಾಂಸರ ಅಪ್ಪಣೆ ಬೇಡುತ್ತೇನೆ: ಉಂಡಿಯಿಂದ ಹೊರದೂಡಿದ ಕಾರ್ಬ್ ನಾಶವಾಗುವುದಿಲ್ಲ, ತಟ್ಟೆಯ ಇನ್ನೊಂದು ಅಂಚಿನಲ್ಲಿ ಬಡ್ಡಿ ಸಮೇತ ಕಾಣಿಸಿಕೊಳ್ಳುತ್ತದೆ. ಚಿತ್ತಾಪುರದಲ್ಲೂ ಸೇಡಂನಲ್ಲೂ ನಿಯಮ ಸುಳ್ಳಾಗಲಿಲ್ಲ. ಶಹಾಬಾದಿನಲ್ಲಿ ರೊಟ್ಟಿಯನ್ನು ಬಿಟ್ಟೇಬಿಟ್ಟಿದ್ದ ಮನೆಯೊಂದು ಸಿಕ್ಕಿ ನಿಯಮವೇ ಅಲುಗಾಡುವ ಹಾಗಾಗಿತ್ತು. ವಿಚಾರಿಸಿದರೆ ಅವರು ಉಂಡಿಯನ್ನು ತಹರಿ ಅನ್ನದ ಜೊತೆ ತಿನ್ನುತ್ತಿದ್ದರು.

ಶ್ರಾವಣ ಬಂದು ಮಾಂಸ ನಿಂತಿತು. ಯಂತ್ರ ಮೂಲೆ ಸೇರಿರಬೇಕೆಂದು ವಾಡಿಗೆ ಹೋದರೆ ಪಂಚಮಿಯ ಹಿಂದಿನ ದಿನ ಅದು ಒಂದೇ ಸಮ ಗುಂಯ್‌ಗುಡುತ್ತಿತ್ತು. ಬುಟ್ಟಿಯ ತುಂಬ ಶೇಂಗಾ, 160 ಡಿಗ್ರಿ, ಹತ್ತು ನಿಮಿಷ. ಒಂದು ಕಾಳೂ ಹೊತ್ತಿಲ್ಲ, ತಿಕ್ಕಿದರೆ ಸಿಪ್ಪಿ ಉದುರುತ್ತಿತ್ತು. ಪಕ್ಕದ ಪಾತ್ರೆಯಲ್ಲಿ ಬೆಲ್ಲದ ಪಾಕ, ಇನ್ನೊಂದರಲ್ಲಿ ನಾವು ಗಡೀಪಾರು ಮಾಡಿದ್ದ ಅದೇ ಪುಟಾಣಿ. ಅತ್ತಿ ಬಿಸಿ ಪಾಕಕ್ಕೆ ಕೈ ಹಾಕಿ ಉಂಡಿ ಕಟ್ಟುತ್ತಿದ್ದ ವೇಗದ ಮುಂದೆ ವಾಡಿಯ ಕಿಲ್ನೂ ಸೈ ಅನ್ನಬೇಕು. ಬೆಲ್ಲದಲ್ಲಿ ಕಾರ್ಬ್ ಎಷ್ಟೆಂದು ನಾನು ಜೇಬಿನಿಂದ ಚೀಟಿ ತೆಗೆದೆ.

‘ಅದನ್ನ ಒಳಗ ಇಡಪ್ಪ,’ ಅಂದರು ಮಾವ, ತಟ್ಟೆಯ ಮೇಲೆ ಕಣ್ಣಿಟ್ಟು. ‘ಮೊದಲನೇದು ನಾಗಪ್ಪಂದು. ಎರಡನೇದು ನಂದು.’